ಲೈನ್‌ಮನೆಯ ಎಂಟು ಮಕ್ಕಳು

ನಮ್ಮ ತಾಲ್ಲೂಕಿನ ಸರ್ಕಾರಿ ಶಾಲೆಗಳ ಪೂರ್ಣ ಚಿತ್ರಣವೊಂದನ್ನು ತಯಾರಿಸಿ ಕೊಡಬೇಕೆಂದು ಮೇಲಿನಿಂದ ಆದೇಶ ಬಂದಾಗ ತೋಟಗಳಲ್ಲಿ ಕಾಫಿ ಕೆಂಪಾಗತೊಡಗಿತ್ತು. ಯಾವ ಶಾಲೆಯಲ್ಲಿ ಎಷ್ಟು ಮಕ್ಕಳಿದ್ದಾರೆ, ಬಂದ ಅನುದಾನ ಯಾವುದಕ್ಕೆ ಹೋಗಿದೆ, ಮಕ್ಕಳು ಏನು ಕಲಿತಿದ್ದಾರೆ ಎಂದು ಅದರಲ್ಲಿ ಮೂರು ಭಾಗ. ನಾನಾಗ ಸಿಆರ್‌ಪಿ. ಸುತ್ತಮುತ್ತಲಿನ ಒಂದಿಷ್ಟು ಶಾಲೆಗಳನ್ನು ಸೇರಿಸಿ ಕ್ಲಸ್ಟರ್ ಎಂದು ಮಾಡಿರುತ್ತಾರೆ. ಅವುಗಳಿಗೆಲ್ಲ ಓಡಾಡಿ, ಪಾಠ ನಡೆಯುತ್ತಿದೆಯೇ ಎಂದು ನೋಡುವ ಶಿಕ್ಷಕಿ ನಾನು. ನನ್ನ ಶಾಲೆಗಳು ಅಮ್ಮತ್ತಿಯ ಆಚೀಚೆ ತೋಟಗಳ ನಡುವೆ ಚದುರಿದ್ದವು. ಸ್ಕೂಟರ್ ಹೋಗುವಲ್ಲಿಗೆ ಸ್ಕೂಟರಿನಲ್ಲಿ, ಹೋಗದ ಕಡೆಗೆ ನಡೆದೇ ಹೋಗುತ್ತಿದ್ದೆ.

ಹತ್ತಕ್ಕಿಂತ ಕಡಿಮೆ ಮಕ್ಕಳಿರುವ ಶಾಲೆಗೆ ಆ ನಮೂನೆಯಲ್ಲಿ ಒಂದು ಹಾಳೆ ಹೆಚ್ಚಿಗೆ ಇತ್ತು. ಶಾಲೆಯನ್ನು ಮುಂದುವರಿಸಬೇಕೇ, ಹತ್ತಿರದ ಶಾಲೆಯೊಂದಿಗೆ ವಿಲೀನ ಮಾಡಬೇಕೇ ಎಂದು ಸಿಆರ್‌ಪಿ ಅಭಿಪ್ರಾಯ ಬರೆಯಬೇಕು. ನನ್ನ ಕ್ಲಸ್ಟರಿನಲ್ಲಿ ಅಂಥದ್ದು ಒಂದೇ ಒಂದು ಶಾಲೆಯಿತ್ತು. ದೊಡ್ಡ ತೋಟವೊಂದರ ಅಂಚಿನಲ್ಲಿ, ಸಾಲಾಗಿ ಕಟ್ಟಿದ ಕೂಲಿಯವರ ಲೈನ್‌ಮನೆಗಳಿಗೆ ಕೂಗಳತೆಯಲ್ಲಿದ್ದ ಕಿರಿಯ ಪ್ರಾಥಮಿಕ ಶಾಲೆ. ಒಂದರಿಂದ ಐದನೇ ತರಗತಿ, ಎಂಟು ಮಕ್ಕಳು, ಒಬ್ಬರೇ ಟೀಚರ್.

ನಾನು ಹೋದ ದಿನ ಟೀಚರ್ ಎಂಟೂ ಮಕ್ಕಳನ್ನು ಒಂದೇ ಕೋಣೆಯಲ್ಲಿ ಕೂರಿಸಿಕೊಂಡಿದ್ದರು. ಇನ್ನೊಂದು ಕೋಣೆಯ ಹೆಂಚು ಜಾರಿ ಹೋಗಿತ್ತು. ದುರಸ್ತಿಗೆ ಬರೆದಿದ್ದರಂತೆ. ಶಾಲೆಯ ಅನುದಾನ ಮಕ್ಕಳ ಸಂಖ್ಯೆಯ ಮೇಲೆ ಬರುತ್ತದೆ. ಮಕ್ಕಳು ಕಡಿಮೆಯಾದಂತೆ ಅದೂ ಇಳಿಯುತ್ತದೆ, ಮಾಡು ಮಾತ್ರ ಹಿಂದೆ ಇದ್ದಷ್ಟೇ ಅಗಲ ಇರುತ್ತದೆ. ಬಂದದ್ದು ಸೀಮೆಸುಣ್ಣಕ್ಕೆ, ಪೊರಕೆಗೆ, ಕರೆಂಟ್ ಬಿಲ್ಲಿಗೆ ಸರಿಹೋಗಿತ್ತು. ಎರಡನೇ ಭಾಗ ತುಂಬಲು ನನಗೆ ಹೆಚ್ಚು ಹೊತ್ತು ಬೇಕಾಗಲಿಲ್ಲ.

ಮೂರನೆಯ ಭಾಗಕ್ಕೆ ಮಕ್ಕಳನ್ನು ಒಬ್ಬೊಬ್ಬರಾಗಿ ಕರೆದು ಓದಿಸಿದೆ. ನಾಲ್ಕನೇ ತರಗತಿಯಲ್ಲಿ ಇದ್ದವಳು ಒಬ್ಬಳೇ ಹುಡುಗಿ. ಎರಡು ಜಡೆ ಹಾಕಿ, ಪುಸ್ತಕವನ್ನು ಎದೆಗೆ ಒತ್ತಿಕೊಂಡು ಬಂದಳು. ಪಾಠ ತೆಗೆದು ಕೊಟ್ಟೆ. ತಡೆಯಿಲ್ಲದೆ, ಒಳ್ಳೆಯ ದನಿಯಲ್ಲಿ ಓದಿದಳು. ನನಗೆ ಸಂತೋಷವಾಯಿತು. ಹಾಳೆ ಮಗುಚಿ ಬೇರೆ ಪಾಠ ತೋರಿಸಿದೆ. ಅದರ ಮೇಲೆ ಬೆರಳಿಟ್ಟುಕೊಂಡು ಅವಳು ಮೊದಲಿನ ಪಾಠವನ್ನೇ ಮತ್ತೆ ಅಷ್ಟೇ ಚೆನ್ನಾಗಿ ಹೇಳಿದಳು. ಬೆರಳು ಸಾಲಿನಿಂದ ಸಾಲಿಗೆ ಸರಿಯಾಗಿ ಓಡುತ್ತಿತ್ತು. ಅವಳಿಗೆ ಅಕ್ಷರ ಬರುತ್ತಿರಲಿಲ್ಲ.

ಟೀಚರ್ ಕಿಟಕಿಯ ಕಡೆ ನೋಡುತ್ತಿದ್ದರು. ಮಕ್ಕಳನ್ನು ಊಟಕ್ಕೆ ಬಿಟ್ಟ ಮೇಲೆ ಮಾತಾಡಿದರು.

"ಒಂದನೇದವ್ರಿಗೆ ಅ ಆ ಹೇಳಿಕೊಡ್ಲಿಕ್ಕೆ ಕೂತ್ರೆ ಉಳಿದವ್ರು ಸುಮ್ನೆ ಕೂರ್ಬೇಕು ಮೇಡಂ. ಮೀಟಿಂಗ್ ಅಂದ್ರೆ ನಾನೇ, ವೋಟರ್ ಲಿಸ್ಟ್ ಅಂದ್ರೆ ನಾನೇ, ಮೊಟ್ಟೆ ತರುದೂ ನಾನೇ. ನಾನು ಮೀಟಿಂಗಿಗೆ ಹೋದ ದಿನ ಅಡುಗೆ ಅಕ್ಕ ಇವ್ರನ್ನ ಕಾಯ್ತಾರೆ. ಅದನ್ನ ಸ್ಕೂಲ್ ಅಂತ ಹೇಳ್ಲಿಕ್ಕೆ ಆಗ್ತದಾ? ಎಂತ ಬರೀತೀರಿ, ಬರೀರಿ. ನಾನು ಬೇಜಾರು ಮಾಡ್ಕೊಳ್ಳುದಿಲ್ಲ."

ಅವರು ಕೆಟ್ಟ ಶಿಕ್ಷಕಿಯಲ್ಲ. ಗೋಡೆಯ ಮೇಲಿನ ಚಿತ್ರಗಳೆಲ್ಲ ಅವರೇ ಬಿಡಿಸಿದ್ದವು, ಮಕ್ಕಳ ಉಗುರು ಅವರೇ ಕತ್ತರಿಸುತ್ತಿದ್ದರು. ಐದು ತರಗತಿಗೆ ಒಬ್ಬರು ಎಷ್ಟು ಮಾಡಬಹುದೋ ಅಷ್ಟನ್ನು ಮಾಡಿ ಸೋತಿದ್ದರು.

ಮರುವಾರ ಪೋಷಕರ ಸಭೆ ಕರೆಸಿದೆ. ಕಾಫಿ ಕೊಯ್ಲಿನ ಪಿಕ್ಕಿಂಗ್ ಶುರುವಾಗುವುದರಲ್ಲಿತ್ತು. ಕೆಲಸ ಮುಗಿಸಿ, ಸೊಂಟಕ್ಕೆ ಕಟ್ಟಿದ ಗೋಣಿ ಬಿಚ್ಚದೆಯೇ ತಾಯಂದಿರು ಬಂದು ಜಗಲಿಯಲ್ಲಿ ಕೂತರು. ಶಾಲೆಯ ಪೋಷಕರ ಸಮಿತಿಗೆ ಅಧ್ಯಕ್ಷೆಯಾಗಿದ್ದವಳು ಆ ನಾಲ್ಕನೇ ತರಗತಿ ಹುಡುಗಿಯ ತಾಯಿ. ಅವಳ ಅಜ್ಜನ ಕಾಲಕ್ಕೆ ತಮಿಳುನಾಡಿನಿಂದ ಬಂದ ಕುಟುಂಬ, ಮೂರು ತಲೆಮಾರು ಅದೇ ಲೈನಿನಲ್ಲಿ. ಗಂಡ ತೀರಿಕೊಂಡಿದ್ದ. ಹುಡುಗಿಯ ಕೆಳಗೆ ಇನ್ನೂ ಒಂದು ಕೂಸಿತ್ತು.

ಎರಡೂವರೆ ಕಿಲೋಮೀಟರ್ ದೂರದಲ್ಲಿ ಹಿರಿಯ ಪ್ರಾಥಮಿಕ ಶಾಲೆಯಿದೆ, ತರಗತಿಗೊಬ್ಬರು ಶಿಕ್ಷಕರಿದ್ದಾರೆ, ಅಲ್ಲಿಗೆ ಹೋದರೆ ಮಕ್ಕಳು ಓದಲು ಕಲಿಯುತ್ತಾರೆ ಎಂದು ನಾನು ವಿವರಿಸಿದೆ. ಹುಡುಗಿಯ ತಾಯಿಯೇ ಮೊದಲು ಹೇಳಿದಳು.

"ಇಲ್ಲಿ ಓದು ಹತ್ತುದಿಲ್ಲಾಂತ ನಮ್ಗೂ ಗೊತ್ತುಂಟು ಮೇಡಂ. ಆದ್ರೆ ಸಂಜೆ ಮಕ್ಳು ಮನೆಗೆ ಬರ್ತವೆ. ಅಲ್ಲಿಗೆ ಹೋಗ್ಬೇಕಾದ್ರೆ ಆನೆ ದಾರಿ ದಾಟ್ಬೇಕು."

ಅವಳು ಹೇಳಿದ್ದು ಸುಳ್ಳಲ್ಲ. ತೋಟದ ಒಳಗಿನಿಂದ ಹೋಗುವ ಮಣ್ಣಿನ ದಾರಿ ಕಾಡಿನಂಚಿಗೆ ಆನೆ ತಡೆಯಲು ತೋಡಿದ ಕಂದಕದ ಪಕ್ಕದಲ್ಲೇ ಸಾಗುತ್ತಿತ್ತು. ಆನೆಗಳು ಕಾಡಿನಿಂದ ಬಂದು ಹೋಗುತ್ತಿದ್ದ ಕಾಲ ಮುಗಿದು, ಈಗ ಅವು ತೋಟದಲ್ಲೇ ಉಳಿದಿದ್ದವು. ಬೆಳಿಗ್ಗೆ ಇಂಥ ಕಡೆ ಆನೆ ಇದೆ ಎಂದು ಅರಣ್ಯದವರು ಮೊಬೈಲಿಗೆ ಸಂದೇಶ ಹಾಕುತ್ತಿದ್ದರು. ಹಿಂದಿನ ವರ್ಷ ಅದೇ ದಾರಿಯಲ್ಲಿ ತೋಟದ ಕಾವಲುಗಾರನೊಬ್ಬ ಆನೆಗೆ ಸಿಕ್ಕಿ ಸತ್ತಿದ್ದ.

"ಗಾಡಿ ಮಾಡಿಸಿದ್ರೆ ಕಳಿಸ್ತೀರಾ?" ಎಂದು ಕೇಳಿದೆ.

"ಗಾಡಿ ಬಂದ್ರೆ ಯಾಕೆ ಕಳ್ಸುದಿಲ್ಲ? ನೀವು ಹೇಳಿ ಮೇಡಂ, ಗಾಡಿ ಬರ್ತದಾ?"

ವಿಚಾರಿಸಿ ಹೇಳುತ್ತೇನೆ ಎಂದು ಎದ್ದೆ. ತೋಟದ ರೈಟರನ್ನು ಹೋಗಿ ಕಂಡೆ. ಕೂಲಿಯವರ ಹಾಜರಿ, ಬಟವಾಡೆ, ಲೈನ್‌ಮನೆಗಳ ಉಸ್ತುವಾರಿ ಎಲ್ಲ ಅವರದು. ವಯಸ್ಸಾದವರು, ಮರ್ಯಾದಸ್ಥರು. ಬೆಳಿಗ್ಗೆ ಸಂಜೆ ತೋಟದ ಜೀಪಿನಲ್ಲಿ ಮಕ್ಕಳನ್ನು ಬಿಟ್ಟು ಕರೆತರಲು ಮಾಲೀಕರನ್ನು ಒಪ್ಪಿಸುತ್ತೇನೆ ಎಂದರು. ಇಲಾಖೆಯ ಸಾರಿಗೆ ಭತ್ಯೆ ಬರುವವರೆಗೆ ಎಂದು ನಾನು ಹೇಳಿದೆ. "ಅಲ್ಲಿವರೆಗೆ ತೊಂದ್ರೆ ಇಲ್ಲ" ಎಂದರು.

ದೊಡ್ಡ ಶಾಲೆಯ ಮುಖ್ಯ ಶಿಕ್ಷಕರನ್ನೂ ಕಂಡೆ. ಅವರು ಕುರ್ಚಿಯಿಂದ ಎದ್ದೇ ಬಂದರು. "ಕಳ್ಸಿ ಮೇಡಂ, ಎಂಟಲ್ಲ, ಹದಿನೆಂಟು ಕಳ್ಸಿ. ನಮ್ಮಲ್ಲೂ ಸಂಖ್ಯೆ ಇಳೀತಾ ಉಂಟು. ಇನ್ನು ಸ್ವಲ್ಪ ಇಳಿದ್ರೆ ಒಂದು ಪೋಸ್ಟ್ ಹೋಗ್ತದೆ." ಊರಿನವರ ಮಕ್ಕಳೆಲ್ಲ ಹಳದಿ ಬಸ್ಸು ಹತ್ತಿ ಖಾಸಗಿ ಶಾಲೆಗೆ ಹೋಗುತ್ತಿದ್ದರು. ಉಳಿದದ್ದು ಲೈನ್‌ಮನೆಯ ಮಕ್ಕಳು. ಅವರಿಗಾಗಿ ಸರ್ಕಾರಿ ಶಾಲೆಗಳೇ ತಮ್ಮ ತಮ್ಮಲ್ಲಿ ಕಾದಾಡುವ ಸ್ಥಿತಿ.

ಹಾಳೆಯಲ್ಲಿ ನಾನು ಬರೆದದ್ದು ಹೀಗೆ: "ವಿಲೀನ ಮಾಡಬಹುದು. ಆದರೆ ವಾಹನದ ಖಾಯಂ ವ್ಯವಸ್ಥೆಯಾದ ನಂತರವೇ." ತಾನು ಓದಲಾಗದ ಸಾಲುಗಳ ಮೇಲೆ ಬೆರಳು ಓಡಿಸುತ್ತಿದ್ದ ಆ ಹುಡುಗಿಯನ್ನು ನೋಡಿದ ಮೇಲೆ, ಶಾಲೆ ಹಾಗೇ ಇರಲಿ ಎಂದು ಬರೆಯುವುದು ನನ್ನಿಂದಾಗಲಿಲ್ಲ. ಇಂದಿಗೂ ಅದನ್ನು ತಪ್ಪೆನ್ನಲಾರೆ.

ತಾಲ್ಲೂಕಿನ ಶಿಕ್ಷಣಾಧಿಕಾರಿ ಸಾಹೇಬರು ಹಾಳೆ ಓದಿ ಕನ್ನಡಕ ತೆಗೆದರು. "ಷರತ್ತು ಹಾಕಿದ್ರೆ ಫೈಲ್ ಮುಂದೆ ಹೋಗಲ್ಲಮ್ಮ. ಭತ್ಯೆ ಹೇಗೂ ಬರುತ್ತೆ. ತೋಟದವರು ಜೀಪ್ ಕೊಡ್ತೀನಿ ಅಂದಿದ್ದಾರಲ್ಲ, ಅದನ್ನೇ ವ್ಯವಸ್ಥೆ ಆಗಿದೆ ಅಂತ ಬರೀರಿ." ನಾನು ಷರತ್ತಿನ ಸಾಲನ್ನು ಹೊಡೆದುಹಾಕಲಿಲ್ಲ. ಅವರು ಮೇಲಕ್ಕೆ ಕಳಿಸಿದ ಟಿಪ್ಪಣಿಯಲ್ಲಿ ಆ ಸಾಲು ಇರಲಿಲ್ಲ ಎಂಬುದು ನನಗೆ ಗೊತ್ತಾದದ್ದು ಆಮೇಲೆ.

ಜೂನ್‌ನಲ್ಲಿ ಶಾಲೆಗೆ ಬೀಗ ಬಿತ್ತು. ಬೆಂಚು, ಗ್ರಂಥಾಲಯದ ಪೆಟ್ಟಿಗೆ, ಬಿಸಿಯೂಟದ ಪಾತ್ರೆ ಎಲ್ಲ ಪಿಕಪ್‌ನಲ್ಲಿ ದೊಡ್ಡ ಶಾಲೆಗೆ ಹೋದವು. ಟೀಚರ್‌ಗೆ ಬೇರೆ ಹೋಬಳಿಗೆ ವರ್ಗವಾಯಿತು. ಅಡುಗೆ ಅಕ್ಕನಿಗೆ ಯಾರೂ ಏನೂ ಹೇಳಲಿಲ್ಲ. ಅವರು ತೋಟದ ಕೆಲಸಕ್ಕೆ ಹೆಸರು ಕೊಟ್ಟರು.

ಮಳೆಗಾಲವೆಲ್ಲ ಜೀಪು ಸರಿಯಾಗಿ ಬಂತು. ನಾನು ವಾರಕ್ಕೊಮ್ಮೆ ದೊಡ್ಡ ಶಾಲೆಗೆ ಹೋಗಿ ಲೈನಿನ ಮಕ್ಕಳನ್ನು ಮಾತಾಡಿಸುತ್ತಿದ್ದೆ. ಹುಡುಗಿ ಈಗ ಐದನೇ ತರಗತಿ. ಓದಿನ ಪೀರಿಯಡ್ಡಿಗೆ ಅವಳನ್ನು ಎರಡನೇ ತರಗತಿಯವರ ಜೊತೆ ಕೂರಿಸುತ್ತಿದ್ದರು. ಮೊದಮೊದಲು ಅಳುತ್ತಿದ್ದಳಂತೆ. ಅಲ್ಲಿಯ ಕಿರಿಯ ಶಿಕ್ಷಕಿಯೊಬ್ಬರು ಹಟ ಹಿಡಿದು ಕಲಿಸಿದರು. ದಸರಾ ರಜೆಗೆ ಮುಂಚೆ ಹೋದಾಗ ಹುಡುಗಿ ತಾನಾಗಿಯೇ ಬಂದು ನನ್ನ ಸ್ಕೂಟರಿನ ಮೇಲಿದ್ದದ್ದನ್ನು ಓದಿದಳು: "ಸ್-ಟ್ಯಾಂಡ್ ತೆ-ಗೆ-ಯಿ-ರಿ." ಬಾಯಿಪಾಠ ಮಾಡಿ ಒಪ್ಪಿಸುವಾಗಿನ ಆ ಚಂದದ ದನಿ ಇರಲಿಲ್ಲ. ತಡವರಿಸುತ್ತ, ಒಂದೊಂದೇ ಅಕ್ಷರವನ್ನು ಕಿತ್ತು ತೆಗೆಯುವಂತೆ ಓದಿದಳು. ಅದು ಓದು.

ಡಿಸೆಂಬರಿನಲ್ಲಿ ಜೀಪು ನಿಂತಿತು. ಪಿಕ್ಕಿಂಗ್ ಶುರುವಾಗಿ, ಹೊರಗಿನಿಂದ ಆಳು ತರಲು, ಹಣ್ಣು ಸಾಗಿಸಲು ಜೀಪು ಬೇಕಾಯಿತು. ರೈಟರ್ ಸುಳ್ಳು ಹೇಳಲಿಲ್ಲ. "ನಾನು ಮಾತು ಕೊಟ್ಟದ್ದು ಹೌದು ಮೇಡಂ. ನಿಮ್ಮ ಭತ್ಯೆ ಬರುವವರೆಗೆ ಅಂತ ಅಲ್ವಾ ನೀವೂ ಹೇಳಿದ್ದು? ಅದು ಎಲ್ಲುಂಟು?"

ಅದನ್ನು ಹುಡುಕಿಕೊಂಡು ಹೋದೆ. ಭತ್ಯೆ ಮಂಜೂರಾಗಿತ್ತು. ವರ್ಷದ ಕೊನೆಗೆ, ಮಗುವಿನ ಹಾಜರಾತಿ ನೋಡಿ, ತಾಯಿಯ ಬ್ಯಾಂಕ್ ಖಾತೆಗೆ ಬರುತ್ತದೆ ಎಂದರು ಕಚೇರಿಯ ಗುಮಾಸ್ತರು. ಗಾಡಿಯಿಲ್ಲದೆ ಹಾಜರಾತಿ ಇಲ್ಲ, ಹಾಜರಾತಿಯಿಲ್ಲದೆ ಭತ್ಯೆ ಇಲ್ಲ, ಭತ್ಯೆಯಿಲ್ಲದೆ ಗಾಡಿ ಇಲ್ಲ ಎಂದು ಅವರಿಗೆ ವಿವರಿಸಿದೆ. ಅವರು ಒಳ್ಳೆಯವರು, ಪೂರ್ತಿ ಕೇಳಿಸಿಕೊಂಡರು. "ನಿಯಮ ಹಾಗಿದೆ ಮೇಡಂ" ಎಂದರು.

ಸ್ವಲ್ಪ ಕಾಲ ತಾಯಂದಿರು ಸರದಿಯ ಮೇಲೆ ಮಕ್ಕಳನ್ನು ನಡೆಸಿಕೊಂಡು ಹೋಗಿ ಬಿಟ್ಟರು. ಮುಂದೆ ಒಬ್ಬಳು ತಟ್ಟೆ ಬಡಿಯುತ್ತ, ಹಿಂದೆ ಒಬ್ಬಳು, ನಡುವೆ ಎಂಟು ಮಕ್ಕಳು. ನಾನೂ ಕೆಲವು ಬೆಳಿಗ್ಗೆ ಜೊತೆಗೆ ನಡೆದೆ. ಬಿಟ್ಟು ವಾಪಸು ಬರುವಷ್ಟರಲ್ಲಿ ಪಿಕ್ಕಿಂಗ್ ಅರ್ಧ ಆಗಿರುತ್ತಿತ್ತು. ಹಣ್ಣಿನ ತೂಕಕ್ಕೆ ಕೂಲಿ, ತಡವಾಗಿ ಬಂದವರ ಚೀಲ ತುಂಬುವುದಿಲ್ಲ. ಒಬ್ಬೊಬ್ಬರಾಗಿ ಸರದಿ ತಪ್ಪಿಸತೊಡಗಿದರು. ಕೊನೆಗೆ ಉಳಿದವಳು ಹುಡುಗಿಯ ತಾಯಿ ಒಬ್ಬಳೇ.

ಅದೊಂದು ಬೆಳಿಗ್ಗೆ ಮಂಜು ದಟ್ಟವಾಗಿತ್ತು. ಕಂದಕದ ತಿರುವಿನಲ್ಲಿ ಒಂಟಿ ಸಲಗ ನಿಂತಿದ್ದು ಹತ್ತಿರ ಹೋಗುವವರೆಗೆ ಕಾಣಲಿಲ್ಲವಂತೆ. ಅವಳು ಮಕ್ಕಳನ್ನು ಕಾಫಿ ಗಿಡಗಳ ಒಳಗೆ ನೂಕಿ, ತಾನು ದಾರಿಯಲ್ಲೇ ಕೂಗುತ್ತ ಹಿಂದಕ್ಕೆ ಓಡಿದಳು. ಆನೆ ಅವಳ ಹಿಂದೆ ಒಂದಿಷ್ಟು ದೂರ ಬಂದು ನಿಂತಿತು. ಅವಳು ದಾರಿಯ ಪಕ್ಕದ ಕಂದಕಕ್ಕೆ ಉರುಳಿದಳು. ಮಕ್ಕಳಿಗೆ ಗೀರು ಬಿಟ್ಟರೆ ಏನೂ ಆಗಲಿಲ್ಲ. ಅವಳ ಬಲಗೈ ಮಣಿಕಟ್ಟಿನ ಹತ್ತಿರ ಎರಡು ಕಡೆ ಮುರಿಯಿತು.

ನಾನು ಆಸ್ಪತ್ರೆಗೆ ಹೋದಾಗ ಹುಡುಗಿ ಮಂಚದ ಪಕ್ಕದಲ್ಲಿ ನಿಂತು ತಾಯಿಗೆ ಗಂಜಿ ಕುಡಿಸುತ್ತಿದ್ದಳು. ತಾಯಿ ನನ್ನನ್ನು ನೋಡಿ ಎದ್ದು ಕೂರಲು ಹೋದಳು. "ಮಲಗಿಕೊಳ್ಳಿ" ಎಂದೆ. ಮರುದಿನದಿಂದ ಲೈನಿನ ಒಂದು ಮಗುವೂ ಶಾಲೆಗೆ ಬರಲಿಲ್ಲ.

ಫೆಬ್ರವರಿಯಲ್ಲಿ ಮತ್ತೆ ಅದೇ ಚಿತ್ರಣ ತಯಾರಿಸುವ ಕೆಲಸ ಬಂತು. ಈ ಸಲ ನನ್ನ ಕ್ಲಸ್ಟರ್ ಹಾಳೆಯ ಮೇಲೆ ಚೆನ್ನಾಗಿ ಕಾಣುತ್ತಿತ್ತು. ಏಕೋಪಾಧ್ಯಾಯ ಶಾಲೆ ಒಂದೂ ಇಲ್ಲ. ದೊಡ್ಡ ಶಾಲೆಯ ದಾಖಲಾತಿ ಹೆಚ್ಚಿದೆ. ಪೋಸ್ಟ್ ಉಳಿದಿದೆ. ತೊಡಕಾಗಿದ್ದದ್ದು ಎಂಟು ಹೆಸರು. ದೀರ್ಘಕಾಲ ಗೈರಾದ ಮಗುವಿಗೆ ಕಂಪ್ಯೂಟರಿನಲ್ಲಿ ಕಾರಣ ಆರಿಸಬೇಕು. 'ಪೋಷಕರೊಂದಿಗೆ ವಲಸೆ' ಎಂದು ಆರಿಸಿದರೆ ಹೆಸರು ನಮ್ಮ ಲೆಕ್ಕದಿಂದ ಹೊರಗೆ ಹೋಗುತ್ತದೆ. 'ಶಾಲೆಯಿಂದ ಹೊರಗುಳಿದ ಮಗು' ಎಂದು ಆರಿಸಿದರೆ ಹೆಸರು ಹಾಜರಿಯಲ್ಲೇ ಉಳಿಯುತ್ತದೆ, ಯಾಕೆ ಹೊರಗುಳಿಯಿತು ಎಂದು ಎಲ್ಲರೂ ಉತ್ತರ ಕೊಡಬೇಕಾಗುತ್ತದೆ.

"ಲೈನಿನವ್ರು ಅಲ್ವಾ ಮೇಡಂ, ಇವತ್ತಿಲ್ಲಿ ನಾಳೆ ಎಲ್ಲೋ. ವಲಸೆ ಅಂತ ಹಾಕಿಬಿಡುವ" ಎಂದರು ಮುಖ್ಯ ಶಿಕ್ಷಕರು.

"ಮೂರು ತಲೆಮಾರಿಂದ ಅಲ್ಲೇ ಇದ್ದಾರೆ ಸಾರ್."

"ಅದು ಕಂಪ್ಯೂಟರಿಗೆ ಗೊತ್ತುಂಟಾ?"

ಸಾಹೇಬರು ಫೋನು ಮಾಡಿದರು. ನನ್ನ ಕ್ಲಸ್ಟರ್ ಬಿಟ್ಟು ತಾಲ್ಲೂಕಿನಲ್ಲಿ ಬೇರೆ ಎಲ್ಲೂ ಹೊರಗುಳಿದ ಮಕ್ಕಳಿಲ್ಲ, ಜಿಲ್ಲೆಯ ಸಭೆಯಲ್ಲಿ ತಮಗೆ ತಲೆಯೆತ್ತಲು ಆಗುವುದಿಲ್ಲ ಎಂದರು. ಬೈಯಲಿಲ್ಲ, ಬೇಡಿಕೊಂಡರು. ಅದು ಹೆಚ್ಚು ಕಷ್ಟವಾಯಿತು. ನಿವೃತ್ತಿಗೆ ಹತ್ತಿರವಿದ್ದ ಮನುಷ್ಯ.

ನಾನು ಅಂದು ಮಧ್ಯಾಹ್ನ ಲೈನಿಗೆ ಹೋದೆ. ಮನೆಗಳು ಖಾಲಿ. ತೋಟದೊಳಗೆ ಹೋದರೆ ಮಕ್ಕಳು ತಾಯಂದಿರ ಪಕ್ಕದಲ್ಲಿ ಬಗ್ಗಿ ನೆಲಕ್ಕೆ ಬಿದ್ದ ಹಣ್ಣು ಆರಿಸುತ್ತಿದ್ದರು. ರೈಟರ್ ನನ್ನನ್ನು ಕಂಡು ಬೇಗ ಬೇಗ ಬಂದರು. "ನಾವು ಮಕ್ಳಿಗೆ ಕೆಲಸ ಕೊಡುದಿಲ್ಲ ಮೇಡಂ. ಅಮ್ಮಂದಿರ ಜೊತೆ ಬರ್ತವೆ, ಅಷ್ಟೆ. ಮನೇಲಿ ಬಿಟ್ರೆ ಯಾರು ನೋಡ್ಕೊಳ್ಳುದು?" ಎರಡನೇ ತರಗತಿಯ ಮಗುವೊಂದು ನನ್ನನ್ನು ಗುರುತು ಹಿಡಿದು, ಕೈಲಿದ್ದ ಹಣ್ಣುಗಳನ್ನು ಹಿಂದೆ ಬಚ್ಚಿಟ್ಟುಕೊಂಡು "ಗುಡ್ ಆಫ್ಟರ್‌ನೂನ್ ಮಿಸ್" ಎಂದಿತು.

ಅಲ್ಲಿಂದ ವಾಪಸು ಬಂದು ಎಂಟು ಹೆಸರಿನ ಮುಂದೆಯೂ 'ಶಾಲೆಯಿಂದ ಹೊರಗುಳಿದ ಮಗು' ಎಂದು ಆರಿಸಿದೆ. ಷರಾ ಕಾಲಂನಲ್ಲಿ, ಶಾಲೆ ವಿಲೀನವಾದ ಮೇಲೆ ವಾಹನವಿಲ್ಲದ್ದರಿಂದ ಮತ್ತು ಆನೆ ದಾರಿಯಿಂದಾಗಿ ಎಂದು ಬರೆದೆ. ಒಮ್ಮೆ ಸಲ್ಲಿಸಿದ ಮೇಲೆ ಅದನ್ನು ತಾಲ್ಲೂಕಿನಲ್ಲಿ ಬದಲಿಸಲು ಬರುವುದಿಲ್ಲ. ಸಲ್ಲಿಸಿದೆ.

ನನಗೆ ಕಾರಣ ಕೇಳಿ ನೋಟಿಸ್ ಬಂತು. ಮುಂಚಿತವಾಗಿ ಮೇಲಧಿಕಾರಿಗಳ ಗಮನಕ್ಕೆ ತರದೆ ಪ್ರತಿಕೂಲ ಮಾಹಿತಿ ಸಲ್ಲಿಸಿದ್ದೇಕೆ ಎಂದು. ಜಿಲ್ಲೆಯ ಸಭೆಯಲ್ಲಿ ಹಿಂದಿನ ಸಾಲಿನಿಂದ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಹಿರಿಯ ಅಧಿಕಾರಿ ಷರಾವನ್ನು ಗಟ್ಟಿಯಾಗಿ ಓದಿ, "ಈಗ ಮಕ್ಕಳು ಎಲ್ಲಿದ್ದಾರೆ?" ಎಂದು ಕೇಳಿದರು.

"ಪಿಕ್ಕಿಂಗ್‌ನಲ್ಲಿ ಸರ್."

ಅವರು ಪಕ್ಕದವರ ಕಡೆ ತಿರುಗಿ ಏನೋ ಬರೆಸಿದರು. ಮುಂದಿನ ತಾಲ್ಲೂಕಿನ ಹಾಳೆ ತೆಗೆದರು.

ಬರೆಸಿದ್ದು ವ್ಯರ್ಥವಾಗಲಿಲ್ಲ. ಜೂನ್‌ನಿಂದ ಅಮ್ಮತ್ತಿಯ ಜೀಪೊಂದನ್ನು ಇಲಾಖೆಯೇ ಬಾಡಿಗೆಗೆ ಗೊತ್ತು ಮಾಡಿತು. ಸಣ್ಣ ಮಕ್ಕಳು ಐವರು ಮರಳಿ ಬಂದರು. ದೊಡ್ಡ ಹುಡುಗರಿಬ್ಬರು ಬರಲಿಲ್ಲ. ಅವರಿಗೆ ಆಗಲೇ ಕೂಲಿಯ ರುಚಿ ಹತ್ತಿತ್ತು. ನನ್ನನ್ನು ಸಿಆರ್‌ಪಿ ಹುದ್ದೆಯಿಂದ ಬಿಡಿಸಿ ಮತ್ತೆ ಪಾಠಕ್ಕೆ ಹಾಕಿದರು. ಅದರಿಂದ ನನಗೆ ಬೇಸರವಾಯಿತು ಎಂದರೆ ಸುಳ್ಳಾಗುತ್ತದೆ.

ಎಂಟನೆಯವಳು ಆ ಹುಡುಗಿ. ತಾಯಿಯ ಕೈ ನೆಟ್ಟಗೆ ಕೂಡಿರಲಿಲ್ಲ. ಗಿಡದಿಂದ ಹಣ್ಣು ಸವರಿ ಬಿಡಿಸಲು ಎರಡೂ ಕೈ ಬೇಕು. ಕೆಲಸವಿಲ್ಲದವರಿಗೆ ಲೈನ್‌ಮನೆ ಇಲ್ಲ. ಮಳೆಗೆ ಮುಂಚೆಯೇ ಮನೆ ಬಿಟ್ಟುಕೊಟ್ಟು ದುಬಾರೆ ಕಡೆ ಹೋದರು ಎಂದು ಅಡುಗೆ ಅಕ್ಕ ಹೇಳಿದರು. ಹಾಕಬಾರದೆಂದು ನಾನು ಹಟ ಹಿಡಿದ ವಲಸೆ ಕೊನೆಗೆ ನಿಜವೇ ಆಯಿತು.

ಹೊರಗುಳಿದ ಹುಡುಗಿಯರಿಗೆ ಆರನೇ ತರಗತಿಯಿಂದ ಸರ್ಕಾರಿ ವಸತಿ ಶಾಲೆ ಇದೆ. ಊಟ, ಬಟ್ಟೆ, ಹಾಸಿಗೆ ಎಲ್ಲ ಅಲ್ಲೇ. ಅವಳ ಹೆಸರು ಹೊರಗುಳಿದವರ ಲೆಕ್ಕದಲ್ಲಿ ಇದ್ದುದರಿಂದ ಸೀಟು ಸಿಗುವುದು ಕಷ್ಟವಿರಲಿಲ್ಲ. ಆ ವಸತಿ ಶಾಲೆಯವರ ಜೊತೆ ಮಾತಾಡಿ ಒಪ್ಪಿಸಿ, ಒಂದು ಭಾನುವಾರ ಬಸ್ಸು ಹತ್ತಿದೆ.

ದುಬಾರೆಯ ರಸ್ತೆಯ ತುಂಬ ಅಲ್ಲಿನ ಶಿಬಿರದ ಆನೆ ನೋಡಲು ಬಂದವರ ಕಾರುಗಳು. ನದಿಯಿಂದ ಸ್ವಲ್ಪ ದೂರ, ಹೋಂಸ್ಟೇ ಒಂದರ ಹಿಂದೆ ತಗಡಿನ ಮಾಡಿನ ಒಂದು ಕೋಣೆಯಲ್ಲಿ ಅವರಿದ್ದರು. ತಾಯಿಗೆ ಅಲ್ಲಿ ಪಾತ್ರೆ ತೊಳೆಯುವ ಕೆಲಸ. ಎಡಗೈಯಲ್ಲೇ ಅಭ್ಯಾಸ ಮಾಡಿಕೊಂಡಿದ್ದಳು. ನನ್ನನ್ನು ಕಂಡು ಹಿಗ್ಗಿದಳು, ಒಳಗೆ ಕೂರಿಸಿ ಬೆಲ್ಲದ ಕಾಪಿ ಮಾಡಿ ಕೊಟ್ಟಳು. ಹುಡುಗಿ ಕೂಸನ್ನು ಎತ್ತಿಕೊಂಡು ಬಾಗಿಲಲ್ಲಿ ನಿಂತಿದ್ದಳು. ಉದ್ದವಾಗಿದ್ದಳು.

ನಾನು ವಸತಿ ಶಾಲೆಯ ವಿಷಯ ಹೇಳಿದೆ. ಒಂದೊಂದನ್ನೂ ಬಿಡಿಸಿ ಹೇಳಿದೆ. ತಾಯಿ ಕೊನೆಯವರೆಗೂ ಕೇಳಿದಳು. ಆಮೇಲೆ ನೆಲ ನೋಡುತ್ತ ಹೇಳಿದಳು.

"ನಾನು ಕೆಲಸಕ್ಕೆ ಹೋದ್ರೆ ಈ ಕೂಸನ್ನ ಯಾರು ನೋಡುದು ಮೇಡಂ? ಇವ್ಳೇ ಅಲ್ವಾ?"

"ಅಂಗನವಾಡಿ ಹತ್ರ ಮಾತಾಡ್ತೀನಿ. ನಾನು ವ್ಯವಸ್ಥೆ ಮಾಡಿಸ್ತೀನಿ."

"ನೀವು ಒಳ್ಳೆಯವ್ರು. ನಮ್ಗೆ ಗೊತ್ತುಂಟು." ಬಲಗೈಯನ್ನು ಮಡಿಲಿಗೆ ಎಳೆದುಕೊಂಡಳು. "ನೀವು ಹೇಳಿದ್ದು ನಾವು ಒಂದ್ಸಲ ಕೇಳಿದ್ದೇವೆ, ಅಲ್ವಾ ಮೇಡಂ?"

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ನಾನು ಇನ್ನೊಂದು ಮಾತಾಡುತ್ತಿದ್ದೆನೇನೋ. ಕಾಪಿ ಮುಗಿಸಿದೆ. ನನ್ನ ಫೋನ್ ನಂಬರನ್ನು ಗೋಡೆಯ ಕ್ಯಾಲೆಂಡರಿನ ಮೇಲೆ ದೊಡ್ಡದಾಗಿ ಬರೆದು, ಮನಸ್ಸು ಬದಲಾದರೆ ಯಾವಾಗ ಬೇಕಾದರೂ ಮಾಡಿ ಎಂದೆ. ಅವಳು ಆಗಲಿ ಎಂದಳು.

ಹುಡುಗಿ ಕೂಸಿನ ಜೊತೆ ರಸ್ತೆಯವರೆಗೆ ಬಂದಳು. ಬಸ್ಸಿಗೆ ಕಾಯುತ್ತ ನಿಂತೆವು. ಬಸ್ಸಿನ ಸದ್ದು ಕೇಳಿಸಿದ ಮೇಲೆ ಕೇಳಿದಳು.

"ಮಿಸ್, ಆ ಸ್ಕೂಲಲ್ಲಿ ನನ್ನ ಹೆಸ್ರು ತೆಗ್ದ್ರಾ?"

"ಇಲ್ಲ. ಇನ್ನೂ ಇದೆ. ಆರನೇ ಕ್ಲಾಸಿನ ಹಾಜರಿಯಲ್ಲಿದೆ."

"ಆರನೇದಾ?" ಕೂಸನ್ನು ಇನ್ನೊಂದು ಸೊಂಟಕ್ಕೆ ಬದಲಿಸಿಕೊಂಡಳು. "ಹಂಗಾದ್ರೆ ಐದನೇದು ನಾನು ಪಾಸಾ?"

ನಮ್ಮಲ್ಲಿ ಐದನೇ ತರಗತಿಯಲ್ಲಿ ಯಾರನ್ನೂ ಫೇಲು ಮಾಡುವುದಿಲ್ಲ. ಹಾಜರಾತಿ ಇರಲಿ ಬಿಡಲಿ, ಜೂನ್ ಬಂದರೆ ಹೆಸರು ತಾನಾಗಿ ಮುಂದಿನ ತರಗತಿಗೆ ಹೋಗುತ್ತದೆ.

"ಪಾಸು" ಎಂದೆ.

ಅವಳ ಮುಖ ಅರಳಿತು. ಬಸ್ಸು ಬಂದು ನಿಂತಿತು, ನಾನು ಹತ್ತಿದೆ. ಕಿಟಕಿಯಿಂದ ನೋಡಿದರೆ ಅವಳು ಆಗಲೇ ತಿರುಗಿ, ಕೂಸನ್ನು ಬಿಗಿಯಾಗಿ ಅವಚಿಕೊಂಡು, ತಾಯಿಗೆ ಹೇಳಲು ಓಡುತ್ತಿದ್ದಳು.